ಹೊಸ ಕಾರಿಗೆ ಶೋರೂಮಿನಲ್ಲೇ ಸಾಲ: ಹುಬ್ಬಳ್ಳಿ ಭಾಗದ ಫೈನಾನ್ಸ್ ಟೇಬಲ್ ಎಷ್ಟು ಅನುಕೂಲ, ಎಷ್ಟು ದುಬಾರಿ

ಗೋಕುಲ ರಸ್ತೆಯಾಗಲಿ, ಪಿ.ಬಿ. ರಸ್ತೆಯಾಗಲಿ, ಹುಬ್ಬಳ್ಳಿಯ ಯಾವ ಕಾರ್ ಶೋರೂಮಿಗೆ ಹೋದರೂ ಟೆಸ್ಟ್ ಡ್ರೈವ್ ಮುಗಿದ ಕೂಡಲೇ ಗಿರಾಕಿಯನ್ನು ಕರೆದೊಯ್ದು ಕೂರಿಸುವ ಜಾಗ ಫೈನಾನ್ಸ್ ಟೇಬಲ್. ಗದಗ, ಹಾವೇರಿಯಿಂದ ಬಂದವರಿಗಂತೂ ಒಂದೇ ದಿನದಲ್ಲಿ ಎಲ್ಲ ಕೆಲಸ ಮುಗಿಸುವ ಆಸೆ ಇರುತ್ತದೆ. ಚಹಾ ಬರುತ್ತದೆ, ಆಧಾರ್ ಮತ್ತು ಪ್ಯಾನ್ ಕೇಳುತ್ತಾರೆ, ಅರ್ಧ ತಾಸಿನಲ್ಲಿ ‘ನಿಮ್ಮ ಲೋನ್ ಆಗ್ತದ ಸರ್’ ಎಂಬ ಮಾತೂ ಬರುತ್ತದೆ. ಈ ಸೇವೆಯ ಬಗ್ಗೆ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಓಡಾಟ ಉಳಿಸುವುದರಲ್ಲಿ ಚೆನ್ನಾಗಿದೆ, ಬಡ್ಡಿದರದಲ್ಲಿ ಪರವಾಗಿಲ್ಲ, ಸಾಲದ ಜೊತೆ ಅಂಟಿಸಿ ಕೊಡುವ ಉಳಿದ ಬಾಬತ್ತುಗಳಲ್ಲಿ ದುಬಾರಿ. ಜನ ಬಡ್ಡಿದರದ ಬಗ್ಗೆ ಗಂಟೆಗಟ್ಟಲೆ ಚೌಕಾಸಿ ಮಾಡಿ, ದುಡ್ಡು ನಿಜವಾಗಿ ಸೋರುವ ಕಡೆ ಕಣ್ಣುಮುಚ್ಚಿ ಸಹಿ ಹಾಕುತ್ತಾರೆ.

ಆ ಟೇಬಲ್ಲಿನ ಹಿಂದೆ ಕೂತವರು ಯಾರು ಎಂಬುದು ಮೊದಲು ಗೊತ್ತಿರಬೇಕು. ಒಬ್ಬರು ಡೀಲರ್ ಸಂಬಳದ ಫೈನಾನ್ಸ್ ಎಕ್ಸಿಕ್ಯೂಟಿವ್. ಅವರ ಅಕ್ಕಪಕ್ಕದಲ್ಲಿ ಖಾಸಗಿ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಗಳ ಪ್ರತಿನಿಧಿಗಳು. ಸಾಲ ಮಂಜೂರು ಮಾಡುವುದು ಬ್ಯಾಂಕು, ಗಿರಾಕಿಯನ್ನು ಒದಗಿಸಿದ್ದಕ್ಕೆ ಡೀಲರ್‌ಗೆ ಬ್ಯಾಂಕಿನಿಂದ ಪೇಔಟ್, ಅಂದರೆ ಕಮಿಷನ್, ಹೋಗುತ್ತದೆ. ಇದರಲ್ಲಿ ಮೋಸವೇನಿಲ್ಲ, ವ್ಯಾಪಾರವೇ ಹಾಗೆ. ಆದರೆ ‘ಈ ಬ್ಯಾಂಕ್ ಬೆಸ್ಟ್ ಸರ್’ ಎಂದು ಮುಂದಿಡುವ ಹೆಸರು ನಿಮಗೆ ಕಡಿಮೆ ಬಡ್ಡಿ ಕೊಡುವ ಬ್ಯಾಂಕೇ ಆಗಿರಬೇಕೆಂದಿಲ್ಲ. ಡೀಲರ್‌ಗೆ ಹೆಚ್ಚು ಪೇಔಟ್ ಕೊಡುವ ಬ್ಯಾಂಕೂ ಇರಬಹುದು, ಬೇಗ ದುಡ್ಡು ಬಿಡುವ ಬ್ಯಾಂಕೂ ಇರಬಹುದು.

ಮೊದಲ ಪ್ರಶ್ನೆ ಬಹುತೇಕ ಒಂದೇ: ‘ತಿಂಗಳಿಗೆ ಎಷ್ಟ ಕಟ್ಟಾಕ ಆಗ್ತದ ಹೇಳ್ರಿ ಸರ್, ಉಳಿದದ್ದು ನಾವ್ ಕೂಡಿಸ್ತೀವಿ.’ ಇದಕ್ಕೆ ಉತ್ತರ ಕೊಡಬೇಡಿ. ಕಂತಿನ ಮೊತ್ತ ಹೇಳಿದಿರೋ, ಅದಕ್ಕೆ ಹೊಂದುವ ಹಾಗೆ ವರ್ಷಗಳನ್ನು ಎಳೆದು ಕೊಡುತ್ತಾರೆ. 8 ಲಕ್ಷ ಸಾಲ, ವರ್ಷಕ್ಕೆ ಶೇ. 9 ಬಡ್ಡಿ ಎಂದುಕೊಳ್ಳೋಣ. 60 ತಿಂಗಳಿಗಾದರೆ ಕಂತು 16,607 ರೂಪಾಯಿ, ಒಟ್ಟು ಬಡ್ಡಿ ಸುಮಾರು 1.96 ಲಕ್ಷ. 84 ತಿಂಗಳಿಗೆ ಎಳೆದರೆ ಕಂತು 12,871ಕ್ಕೆ ಇಳಿಯುತ್ತದೆ, ಬಡ್ಡಿ 2.81 ಲಕ್ಷಕ್ಕೆ ಏರುತ್ತದೆ. ತಿಂಗಳಿಗೆ 3,700 ರೂಪಾಯಿ ಹಗುರವಾಯಿತು ಎಂಬ ಸಮಾಧಾನಕ್ಕೆ 85 ಸಾವಿರ ಕೊಟ್ಟಂತೆ. ಏಳು ವರ್ಷದ ಸಾಲಕ್ಕೆ ಇನ್ನೊಂದು ತೊಂದರೆಯೂ ಇದೆ. ನಾಲ್ಕೈದು ವರ್ಷಕ್ಕೆ ಗಾಡಿ ಮಾರಬೇಕೆಂದರೆ ಬ್ಯಾಂಕಿನ ಬಾಕಿ ಇನ್ನೂ ದೊಡ್ಡದಿರುತ್ತದೆ.

ಬದಲಿಗೆ ನೀವು ಹೇಳಬೇಕಾದ್ದು ಸಾಲದ ಮೊತ್ತ ಮತ್ತು ತಿಂಗಳ ಸಂಖ್ಯೆ. ಕಂತನ್ನು ಅವರು ಹೇಳಲಿ. ಆ ಕಂತಿನಿಂದ ಬಡ್ಡಿದರ ನಿಜವೋ ಸುಳ್ಳೋ ಎಂದು ಮೊಬೈಲಿನ ಯಾವುದೇ ಇಎಂಐ ಕ್ಯಾಲ್ಕುಲೇಟರಿನಲ್ಲಿ ಅಲ್ಲೇ ಕೂತು ನೋಡಬಹುದು.

ಹೀಗೆ ನೋಡಿದಾಗ ಹೆಚ್ಚಾಗಿ ಸಿಕ್ಕಿಬೀಳುವುದು ಫ್ಲ್ಯಾಟ್ ರೇಟ್. ‘ಬರೀ ಐದೂವರೆ ಪರ್ಸೆಂಟ್’ ಎಂದರೆ ಅದು ಫ್ಲ್ಯಾಟೋ ರೆಡ್ಯೂಸಿಂಗೋ ಎಂದು ಕೇಳಿ. ರೆಡ್ಯೂಸಿಂಗ್ ಎಂದರೆ ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ. 8 ಲಕ್ಷಕ್ಕೆ ಶೇ. 5.5 ಫ್ಲ್ಯಾಟ್, ಐದು ವರ್ಷ ಎಂದರೆ ಬಡ್ಡಿ 2,20,000, ಕಂತು 17,000. ರೆಡ್ಯೂಸಿಂಗ್ ಲೆಕ್ಕದಲ್ಲಿ ಇದು ಸರಿಸುಮಾರು ಶೇ. 10. ಫ್ಲ್ಯಾಟ್‌ನಲ್ಲಿ ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮೊದಲ ದಿನದ 8 ಲಕ್ಷದ ಮೇಲೆಯೇ ಬೀಳುತ್ತಿರುತ್ತದೆ. ಬಾಯಿಮಾತಿನಲ್ಲಿ ಹೇಳುವ ಐದೂವರೆಗೂ ಬ್ಯಾಂಕ್ ಶಾಖೆಯ ಬೋರ್ಡಿನಲ್ಲಿರುವ ಒಂಬತ್ತಕ್ಕೂ ಹೋಲಿಕೆ ಮಾಡಿ ‘ಶೋರೂಮಿನಲ್ಲೇ ಅಗ್ಗ’ ಎಂದು ತಿಳಿಯುವವರು ಈಗಲೂ ಇದ್ದಾರೆ.

ಬಡ್ಡಿಯಲ್ಲಿ ಒಂದು ಪರ್ಸೆಂಟ್ ಎಂದರೆ ಎಷ್ಟು? ಅದೇ 8 ಲಕ್ಷಕ್ಕೆ ಐದು ವರ್ಷಕ್ಕೆ ಶೇ. 9ರ ಬದಲು 10 ಆದರೆ ತಿಂಗಳಿಗೆ 391 ರೂಪಾಯಿ, ಒಟ್ಟು ಸುಮಾರು 23,500. ಸಣ್ಣದಲ್ಲ, ಆದರೆ ಮುಂದೆ ಹೇಳುವ ಬಾಬತ್ತುಗಳ ಮುಂದೆ ದೊಡ್ಡದೂ ಅಲ್ಲ.

ಆ ಬಾಬತ್ತುಗಳನ್ನು ಹಿಡಿಯಲು ಇವತ್ತು ಗಿರಾಕಿಯ ಕೈಯಲ್ಲಿ ಇರುವ ಒಳ್ಳೆಯ ಹತಾರ ಕೆಎಫ್‌ಎಸ್, ಅಂದರೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಸಾಲದ ದರ, ಖರ್ಚು, ಷರತ್ತುಗಳನ್ನು ಒಟ್ಟಿಗೆ ಬರೆದ ಹಾಳೆ. 2024ರ ಅಕ್ಟೋಬರ್ 1ರಿಂದ ಎಲ್ಲ ಚಿಲ್ಲರೆ ಸಾಲಗಳಿಗೂ ಇದನ್ನು ಕೊಡಲೇಬೇಕೆಂದು ಆರ್‌ಬಿಐ ಹೇಳಿದೆ. ಗಿರಾಕಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂಬ ಮಾತೂ ಅದರಲ್ಲಿದೆ, ಹಾಗಾಗಿ ಕನ್ನಡದಲ್ಲಿ ಕೇಳುವುದು ತಪ್ಪಲ್ಲ. ಅದರಲ್ಲಿ ಎಪಿಆರ್ ಎಂಬ ಒಂದು ಸಾಲು ಇರುತ್ತದೆ. ಬಡ್ಡಿ, ಪ್ರೊಸೆಸಿಂಗ್ ಫೀ, ಸಾಲದ ಜೊತೆ ವಸೂಲು ಮಾಡುವ ಇನ್ಶೂರೆನ್ಸ್ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ ಅದು. ಉದಾಹರಣೆಗೆ 8 ಲಕ್ಷ ಸಾಲದಲ್ಲಿ ಪ್ರೊಸೆಸಿಂಗ್ 5,000, ಅದರ ಮೇಲೆ ಜಿಎಸ್‌ಟಿ 900, ಡಾಕ್ಯುಮೆಂಟೇಶನ್ 1,500, ‘ಲೋನ್ ಸುರಕ್ಷಾ’ ಪಾಲಿಸಿ 22,000 ಹಿಡಿದುಕೊಂಡರೆ ನಿಮ್ಮ ಗಾಡಿಗೆ ಸಿಕ್ಕಿದ್ದು 7,70,600. ಕಂತು ಮಾತ್ರ ಪೂರ್ತಿ 8 ಲಕ್ಷದ್ದೇ. ಕಾಗದದ ಮೇಲೆ ಶೇ. 9 ಇದ್ದರೂ ಎಪಿಆರ್ ಸುಮಾರು ಶೇ. 10.6.

ಇಲ್ಲಿ ಹೊಡೆತ ಕೊಟ್ಟಿದ್ದು ಲೋನ್ ಸುರಕ್ಷಾ. ಸಾಲಗಾರ ತೀರಿಕೊಂಡರೆ ಬಾಕಿ ತೀರಿಸುವ ಪಾಲಿಸಿ ಇದು. ಮನೆಯಲ್ಲಿ ದುಡಿಯುವವರು ಒಬ್ಬರೇ ಇದ್ದು, ಟರ್ಮ್ ಇನ್ಶೂರೆನ್ಸ್ ಇಲ್ಲದಿದ್ದರೆ ಇದಕ್ಕೆ ಅರ್ಥವಿದೆ. ಮೊದಲೇ ಟರ್ಮ್ ಪಾಲಿಸಿ ಇದ್ದವರಿಗೆ ದಂಡ. ಬಹಳ ಕಡೆ ಇದನ್ನು ಕೇಳದೇ ಸೇರಿಸಿ, ‘ಬ್ಯಾಂಕಿನ ರೂಲ್ಸ್ ಸರ್’ ಎನ್ನುತ್ತಾರೆ. ‘ಕಡ್ಡಾಯ ಅಂತ ಮೇಲ್‌ನಲ್ಲಿ ಬರೆದು ಕೊಡ್ರಿ’ ಎಂದರೆ ಸಾಮಾನ್ಯವಾಗಿ ಆ ರೂಲ್ಸ್ ಅಲ್ಲಿಗೇ ಕರಗುತ್ತದೆ.

ಈಗ ಗಾಡಿಯ ಕೊಟೇಶನ್‌ಗೆ ಬರೋಣ. ‘ಹಂಡ್ರೆಡ್ ಪರ್ಸೆಂಟ್ ಫೈನಾನ್ಸ್’ ಎಂದರೆ ಬಹುತೇಕ ಎಕ್ಸ್-ಶೋರೂಮ್ ಬೆಲೆಯ ನೂರು ಪರ್ಸೆಂಟ್, ಆನ್-ರೋಡ್ ಬೆಲೆಯದ್ದಲ್ಲ. ತೆರಿಗೆ, ವಿಮೆ, ಆಕ್ಸೆಸರಿ ನಿಮ್ಮ ಕೈಯಿಂದಲೇ ಹೋಗಬೇಕು. ಕರ್ನಾಟಕದಲ್ಲಿ ಅದು ಸಣ್ಣ ಮೊತ್ತವಲ್ಲ. ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ 5 ಲಕ್ಷದವರೆಗೆ ಶೇ. 13, 5ರಿಂದ 10 ಲಕ್ಷಕ್ಕೆ 14, 10ರಿಂದ 20 ಲಕ್ಷಕ್ಕೆ 17, ಅದರ ಮೇಲೆ 18. ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಗಮನಿಸಬೇಕಾದ್ದೇನೆಂದರೆ ಸ್ಲ್ಯಾಬ್ ದಾಟಿದರೆ ಪೂರ್ತಿ ಬೆಲೆಗೂ ಮೇಲಿನ ದರ ಬೀಳುತ್ತದೆ. 9,50,000ದ ಗಾಡಿಗೆ ತೆರಿಗೆ, ಸೆಸ್ ಸೇರಿ 1,47,630. 10,10,000ದ ಗಾಡಿಗೆ 1,90,587. ಅರವತ್ತು ಸಾವಿರ ಹೆಚ್ಚಿನ ವೇರಿಯಂಟಿಗೆ ತೆರಿಗೆಯಲ್ಲೇ ಸುಮಾರು 43 ಸಾವಿರ ಹೆಚ್ಚು. ಜೊತೆಗೆ 10 ಲಕ್ಷ ದಾಟಿದ್ದಕ್ಕೆ ಶೇ. 1 ಟಿಸಿಎಸ್ (ಡೀಲರ್ ವಸೂಲು ಮಾಡಿ ನಿಮ್ಮ ಹೆಸರಲ್ಲಿ ಕಟ್ಟುವ ಆದಾಯ ತೆರಿಗೆ), ಅಂದರೆ 10,100. ಟಿಸಿಎಸ್ ಮಾತ್ರ ನಿಮ್ಮ ಪ್ಯಾನ್ ಮೇಲೆ ಜಮಾ ಆಗಿರುತ್ತದೆ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ರಿಟರ್ನ್ ಹಾಕದವರು ಅದನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ. ಸನ್‌ರೂಫ್ ಬೇಕೆಂದು ಮೇಲಿನ ವೇರಿಯಂಟ್ ಕೇಳುವವರಿಗೆ ಈ ಲೆಕ್ಕವನ್ನು ಟೇಬಲ್ಲಿನವರು ತಾವಾಗಿ ಹೇಳುವುದು ಕಡಿಮೆ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. 4 ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿನ ಎಂಜಿನ್ ಇರಬೇಕು. ದೊಡ್ಡವಕ್ಕೆ ಶೇ. 40. ಹಳೆಯ ಕೊಟೇಶನ್ ಇಟ್ಟುಕೊಂಡು ಸಾಲದ ಮೊತ್ತ ನಿರ್ಧರಿಸಬೇಡಿ.

ಕೊಟೇಶನ್ನಿನ ಕೆಳಗಿನ ಸಾಲುಗಳನ್ನು ಒಂದೊಂದಾಗಿ ಬೆರಳಿಟ್ಟು ಕೇಳಬೇಕು. ರಿಜಿಸ್ಟ್ರೇಶನ್ ಶುಲ್ಕ 600, ಸಾಲವಿದ್ದರೆ ಹೈಪಾಥಿಕೇಶನ್ (ಆರ್‌ಸಿ ಮೇಲೆ ಬ್ಯಾಂಕಿನ ಹೆಸರು) ನಮೂದಿಗೆ 1,500, ಇವು ಸರ್ಕಾರದ್ದು, ಆರ್‌ಟಿಓ ರಸೀದಿ ಬರುತ್ತದೆ. ‘ಹ್ಯಾಂಡ್ಲಿಂಗ್’, ‘ಲಾಜಿಸ್ಟಿಕ್ಸ್’, ‘ಫೆಸಿಲಿಟೇಶನ್’ ಎಂಬ ಹೆಸರಿನಲ್ಲಿ ಬರುವ ಐದು-ಹತ್ತು ಸಾವಿರಕ್ಕೆ ಯಾವ ಸರ್ಕಾರಿ ರಸೀದಿಯೂ ಇರುವುದಿಲ್ಲ. ತೆಗೆಸಿ. ‘ಎಸೆನ್ಶಿಯಲ್ ಕಿಟ್’ ಎಂದರೆ ಮ್ಯಾಟ್, ಮಡ್ ಫ್ಲ್ಯಾಪ್, ಸೀಟ್ ಕವರ್. ಹೊರಗಡೆ ಅಂಗಡಿಗಳಲ್ಲಿ ಇವು ಕಡಿಮೆಗೆ ಸಿಗುತ್ತವೆ, ಸಾಲದಲ್ಲಿ ಸೇರಿಸಿ ಐದು ವರ್ಷ ಬಡ್ಡಿ ಕಟ್ಟುವಂಥ ವಸ್ತುಗಳಲ್ಲ.

ವಿಮೆಯ ವಿಷಯ ಸ್ವಲ್ಪ ಉದ್ದ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1000 ಸಿಸಿವರೆಗೆ 6,521, 1500 ಸಿಸಿವರೆಗೆ 10,640, ಅದರ ಮೇಲೆ 24,596. ಈ ಭಾಗ ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಒಂದೇ. ಚೌಕಾಸಿಗೆ ಜಾಗ ಇರುವುದು ಓನ್ ಡ್ಯಾಮೇಜ್ ಭಾಗದಲ್ಲಿ, ಅಂದರೆ ನಿಮ್ಮ ಗಾಡಿಗೇ ಆದ ಹಾನಿಯ ವಿಮೆಯಲ್ಲಿ. ಅದು ಒಂದು ವರ್ಷದ್ದು ಸಾಕು, ಮೂರು ವರ್ಷದ್ದನ್ನು ಕೊಳ್ಳಲೇಬೇಕೆಂಬ ನಿಯಮವಿಲ್ಲ. ಡೀಲರ್ ಕೊಟ್ಟ ವಿಮೆ ಕೊಟೇಶನ್ನನ್ನು ಅದೇ ಐಡಿವಿ (ವಿಮೆಗೆ ಹಿಡಿದ ಗಾಡಿಯ ಬೆಲೆ), ಅದೇ ಆಡ್-ಆನ್ ಇಟ್ಟು ಕಂಪನಿಯ ವೆಬ್‌ಸೈಟ್‌ನಲ್ಲೋ ಊರಿನ ಏಜೆಂಟರ ಬಳಿಯೋ ಹೋಲಿಸಿ. ಐಡಿವಿ ಹೊಸ ಗಾಡಿಗೆ ಎಕ್ಸ್-ಶೋರೂಮ್ ಬೆಲೆಯ ಶೇ. 95 ಇರಬೇಕು. ಪ್ರೀಮಿಯಂ ಕಡಿಮೆ ಕಾಣಲೆಂದು ಐಡಿವಿ ಇಳಿಸಿರುವುದೂ ಉಂಟು.

‘ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸಿದರೆ ಮಾತ್ರ ಡಿಸ್ಕೌಂಟ್’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಹೊರಗೆ ವಿಮೆ ಮಾಡಿಸುವ ಹಕ್ಕು ಗಿರಾಕಿಗೆ ಇದೆ. ಆದರೂ ಕಾನೂನು ಹಿಡಿದು ಜಗಳಕ್ಕೆ ನಿಲ್ಲುವುದಕ್ಕಿಂತ, ಹೊರಗಿನ ಕೊಟೇಶನ್ ಟೇಬಲ್ಲಿನ ಮೇಲಿಟ್ಟು ‘ಇದಕ್ಕೆ ಸರಿಸಮ ಮಾಡ್ರಿ’ ಎಂದರೆ ಕೆಲಸ ಬೇಗ ಆಗುತ್ತದೆ. ಅಷ್ಟಕ್ಕೇ ಕೊಟ್ಟರೆ ಡೀಲರ್ ಬಳಿ ಮಾಡಿಸುವುದರಲ್ಲಿ ಲಾಭವೂ ಇದೆ. ಅಪಘಾತವಾದಾಗ ಅವರದೇ ವರ್ಕ್‌ಶಾಪಿನಲ್ಲಿ ಕ್ಯಾಶ್‌ಲೆಸ್ ಕ್ಲೇಮು ಸಲೀಸಾಗಿ ನಡೆಯುತ್ತದೆ. ಆಡ್-ಆನ್‌ಗಳಲ್ಲಿ ಝೀರೋ ಡೆಪ್ ಇರಲಿ, ಅದಿದ್ದರೆ ಬಿಡಿಭಾಗಗಳ ಸವಕಳಿಯನ್ನು ಕ್ಲೇಮಿನಲ್ಲಿ ಕಡಿತ ಮಾಡುವುದಿಲ್ಲ. ದೊಡ್ಡ ಸಾಲ ತೆಗೆದವರಿಗೆ ಗಾಡಿ ಪೂರ್ತಿ ಹೋದರೆ ಬಿಲ್ಲಿನ ಬೆಲೆಯನ್ನೇ ಕೊಡುವ ರಿಟರ್ನ್ ಟು ಇನ್‌ವಾಯ್ಸ್ ಕೂಡ ಬೇಕು. ಮೊದಲ ವರ್ಷದಲ್ಲೇ ಗಾಡಿ ಪೂರ್ತಿ ಹೋದರೆ ಬರೀ ಐಡಿವಿ ಹಣದಿಂದ ಬ್ಯಾಂಕಿನ ಬಾಕಿ ತೀರಿದ ಮೇಲೆ, ನೀವು ಕಟ್ಟಿದ ತೆರಿಗೆಗೆ ಏನೂ ಉಳಿಯುವುದಿಲ್ಲ.

ಕಂಪನಿಯ ಕಡಿಮೆ ಬಡ್ಡಿ ಸ್ಕೀಮು ಒಂದು ವಿಚಿತ್ರ. ಶೇ. 9ರ ಬದಲು 8 ಎಂದರೆ ಅದೇ 8 ಲಕ್ಷಕ್ಕೆ ಐದು ವರ್ಷದಲ್ಲಿ ಉಳಿಯುವುದು ಸುಮಾರು 23 ಸಾವಿರ. ಈ ಸ್ಕೀಮು ಹಿಡಿದರೆ ನಗದು ರಿಯಾಯಿತಿ ಇಲ್ಲ ಎಂಬ ಷರತ್ತು ಇದ್ದು, ಆ ರಿಯಾಯಿತಿ 30 ಸಾವಿರ ಇದ್ದರೆ ಸ್ಕೀಮು ಬೇಡ. 15 ಸಾವಿರವಿದ್ದರೆ ಸ್ಕೀಮೇ ಒಳ್ಳೆಯದು. ಎರಡು ವರ್ಷದಲ್ಲೇ ಸಾಲ ತೀರಿಸುವ ಯೋಚನೆ ಇದ್ದರೆ ಬಹುತೇಕ ನಗದು ರಿಯಾಯಿತಿಯೇ ಲೇಸು, ಏಕೆಂದರೆ ಬಡ್ಡಿಯ ಅಷ್ಟೂ ಉಳಿತಾಯ ಪೂರ್ತಿ ಅವಧಿ ನಡೆದರೆ ಮಾತ್ರ ಕೈಗೆ ಬರುತ್ತದೆ.

ಯಾರಿಗೆ ಶೋರೂಮಿನ ಸಾಲ, ಯಾರಿಗೆ ಶಾಖೆಯ ಸಾಲ? ರೈಲ್ವೆ, ವಾಯವ್ಯ ಸಾರಿಗೆ, ವಿಶ್ವವಿದ್ಯಾಲಯ, ಸರ್ಕಾರಿ ಶಾಲೆಗಳ ನೌಕರರಿಗೆ ಸಂಬಳದ ಖಾತೆ ಇರುವ ಶಾಖೆಯೇ ಮೊದಲ ಆಯ್ಕೆ. ಸ್ಯಾಲರಿ ಪ್ಯಾಕೇಜಿನ ರಿಯಾಯಿತಿ ಶೋರೂಮಿನ ಟೇಬಲ್ಲಿಗೆ ಬರುವುದೇ ಇಲ್ಲ. ಶಾಖೆಯ ಮಂಜೂರಾತಿ ಪತ್ರ ಕಿಸೆಯಲ್ಲಿಟ್ಟುಕೊಂಡು ಶೋರೂಮಿಗೆ ಹೋಗಿ. ಪ್ರತಿನಿಧಿಗಳು ಅದನ್ನು ಕಂಡ ಮೇಲೆ ದರ ಇಳಿಸುವುದುಂಟು, ಇಳಿಸದಿದ್ದರೂ ನಷ್ಟವಿಲ್ಲ.

ಅಂಗಡಿ, ಸ್ವಂತ ಉದ್ಯೋಗದವರಿಗೆ ಶೋರೂಮಿನ ಟೇಬಲ್ಲು ನಿಜಕ್ಕೂ ಉಪಯೋಗ. ಎರಡು-ಮೂರು ವರ್ಷದ ರಿಟರ್ನ್, ಜಿಎಸ್‌ಟಿ ಪತ್ರ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದರೆ ಯಾವ ಬ್ಯಾಂಕು ಒಪ್ಪುತ್ತದೆ, ಯಾವುದು ತಕರಾರು ತೆಗೆಯುತ್ತದೆ ಎಂಬುದು ಅವರಿಗೆ ಬಾಯಿಪಾಠ.

ರೈತರ ಲೆಕ್ಕ ಬೇರೆ. ಉತಾರ, ಬೆಳೆ ನಮೂದು, ಎಪಿಎಂಸಿ ದಲಾಲಿ ಅಂಗಡಿಯ ಪಟ್ಟಿ, ಆ ಹಣ ಖಾತೆಗೆ ಜಮಾ ಆದ ಪಾಸ್‌ಬುಕ್ ಪುಟ, ಇಷ್ಟು ಒಟ್ಟಿಗೆ ಇರಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ ದುಡ್ಡು ನಗದಾಗಿ ಮನೆಗೆ ತಂದವರಿಗೆ ಉತಾರದಲ್ಲಿ ಎಷ್ಟು ಎಕರೆ ಇದ್ದರೂ ಆದಾಯ ತೋರಿಸುವುದು ಕಷ್ಟ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಶೋರೂಮಿನ ಸಾಲ ಬಹುತೇಕ ತಿಂಗಳ ಕಂತಿನದ್ದು, ಮೆಣಸಿನಕಾಯಿ, ಹತ್ತಿ, ಹೆಸರುಕಾಳಿನ ದುಡ್ಡು ಬರುವುದು ಸುಗ್ಗಿಗೆ. ಖಾತೆಯಲ್ಲಿ ಹಣವಿಲ್ಲದೆ ಕಂತು ಬೌನ್ಸ್ ಆದರೆ ನಿಮ್ಮ ಬ್ಯಾಂಕಿನ ಚಾರ್ಜ್ ಬೇರೆ, ಸಾಲ ಕೊಟ್ಟವರ ಚಾರ್ಜ್ ಬೇರೆ, ಸಿಬಿಲ್‌ನಲ್ಲಿ, ಅಂದರೆ ನಿಮ್ಮ ಸಾಲದ ಚರಿತ್ರೆಯ ದಾಖಲೆಯಲ್ಲಿ, ಕಪ್ಪುಚುಕ್ಕೆ ಬೇರೆ. ಆರು ತಿಂಗಳಿಗೊಂದು ಕಂತು ಒಪ್ಪುವ ಬ್ಯಾಂಕನ್ನು ಊರಿನ ಶಾಖೆಯಲ್ಲೇ ಮೊದಲು ವಿಚಾರಿಸಿ. ಆಗದಿದ್ದರೆ ಸುಗ್ಗಿಯ ಹಣದಲ್ಲಿ ಆರು ಕಂತಿನಷ್ಟನ್ನು ಕಂತು ಕಡಿತವಾಗುವ ಖಾತೆಯಲ್ಲೇ ಇಟ್ಟುಬಿಡಿ.

ಟೇಬಲ್ಲಿನವರಿಗೆ ದಾಖಲೆ ಕೊಡುವಾಗ ಒಂದು ಎಚ್ಚರ. ‘ಯಾವುದಾದರೂ ಒಂದರಲ್ಲಿ ಆಗ್ತದ’ ಎಂದು ನಾಲ್ಕೈದು ಬ್ಯಾಂಕಿಗೆ ಒಟ್ಟಿಗೆ ಅರ್ಜಿ ಹಾಕಿಬಿಡುತ್ತಾರೆ. ಪ್ರತಿಯೊಂದೂ ಸಿಬಿಲ್‌ನಲ್ಲಿ ವಿಚಾರಣೆಯಾಗಿ ದಾಖಲಾಗುತ್ತದೆ, ಸ್ಕೋರು ಇಳಿಯುತ್ತದೆ. ನಿಮ್ಮ ವರದಿಯನ್ನು ವರ್ಷಕ್ಕೊಮ್ಮೆ ಪ್ರತಿ ಕ್ರೆಡಿಟ್ ಸಂಸ್ಥೆಯಿಂದ ಉಚಿತವಾಗಿ ಪಡೆಯಬಹುದು. ಅದನ್ನು ಮೊದಲೇ ನೋಡಿಕೊಂಡು, ಇಂಥ ಎರಡು ಬ್ಯಾಂಕಿಗೆ ಮಾತ್ರ ಹಾಕಿ ಎಂದು ಹೇಳಿ. ಮೊಬೈಲಿಗೆ ಬಂದ ಓಟಿಪಿಯನ್ನು ಕೇಳಿದ ಕೂಡಲೇ ಹೇಳಬೇಡಿ, ಯಾವ ಬ್ಯಾಂಕಿನದ್ದು ಎಂದು ಓದಿ ಹೇಳಿ.

ಸಾಲ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದರೆ ಹೆಚ್ಚಾಗಿ ಹೆಸರು ಮತ್ತು ವಿಳಾಸದಲ್ಲಿ. ಆಧಾರ್‌ನಲ್ಲಿ ಅಡ್ಡಹೆಸರು ಇದೆ, ಪ್ಯಾನ್‌ನಲ್ಲಿ ಇಲ್ಲ. ವಾಸ ಹುಬ್ಬಳ್ಳಿಯ ಬಾಡಿಗೆ ಮನೆ, ಆಧಾರ್ ಗದಗಿನದ್ದು. ಮನೆಗೆ ಪರಿಶೀಲನೆಗೆ ಬಂದ ಹುಡುಗನಿಗೆ ಬೀಗ ಕಂಡಿತು, ಫೈಲು ನೆಗೆಟಿವ್. ಬಾಡಿಗೆಯವರು ಕರಾರುಪತ್ರ, ಹೆಸ್ಕಾಂ ಬಿಲ್ಲು, ಊರಿನ ಸ್ವಂತ ಮನೆಯ ಕರದ ರಸೀದಿ ಮೂರನ್ನೂ ಇಟ್ಟುಕೊಳ್ಳಿ. ಗಾಡಿ ಹುಬ್ಬಳ್ಳಿಯಲ್ಲಿ ಕೊಂಡರೂ ನೋಂದಣಿ ಸಾಮಾನ್ಯವಾಗಿ ವಿಳಾಸದ ಪ್ರಕಾರ ಆಗುತ್ತದೆ: ಹುಬ್ಬಳ್ಳಿ ಕೆಎ-63, ಧಾರವಾಡ ಕೆಎ-25, ಗದಗ ಕೆಎ-26, ಹಾವೇರಿ ಕೆಎ-27. ತೆರಿಗೆಯಲ್ಲಿ ವ್ಯತ್ಯಾಸವಿಲ್ಲ.

ಮಂಜೂರಾದ ಮೇಲೆ ನಿಮ್ಮ ಮಾರ್ಜಿನ್ ಹಣದ, ಅಂದರೆ ನೀವು ಕೈಯಿಂದ ಹಾಕುವ ಪಾಲಿನ, ರಸೀದಿ ಕೊಟ್ಟರೆ ಬ್ಯಾಂಕು ಡೆಲಿವರಿ ಆರ್ಡರ್ ಕೊಡುತ್ತದೆ, ಶೋರೂಮಿನವರ ಬಾಯಲ್ಲಿ ಡಿಓ. ಸಾಲದ ಹಣ ಡೀಲರ್ ಖಾತೆಗೆ ನೇರವಾಗಿ ಹೋಗುತ್ತದೆ. ಇಲ್ಲಿ ಅವಸರ ಮಾಡುವವರು ಅವರು, ತಾಳ್ಮೆ ಬೇಕಾದ್ದು ನಿಮಗೆ. ಗಾಡಿ ಯಾರ್ಡಿಗೆ ಬಂದು, ಚಾಸಿ ನಂಬರು ಕೈಗೆ ಸಿಕ್ಕು, ತಯಾರಕರು ಕೊಡುವ ಪ್ರಮಾಣಪತ್ರವಾದ ಫಾರಂ 22ರಲ್ಲಿ ತಯಾರಾದ ತಿಂಗಳು-ವರ್ಷ ನೋಡುವ ತನಕ ಹಣ ಬಿಡಲು ಒಪ್ಪಬೇಡಿ. ಹಣ ಹೋದ ದಿನದಿಂದಲೇ ಬಡ್ಡಿ ಓಡುತ್ತದೆ, ಗಾಡಿ ಬರುವುದು ಮೂರು ವಾರ ತಡವಾದರೂ ಅದು ನಿಲ್ಲುವುದಿಲ್ಲ. ಹಣ ಬಿಡುವ ಮೊದಲಿನ ದಿನಗಳಿಗೆ ಬಡ್ಡಿ ಹಾಕುವುದು, ಮುಂಗಡ ಕಂತು ಹಿಡಿದುಕೊಂಡೂ ಪೂರ್ತಿ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕುವುದು ಸರಿಯಲ್ಲವೆಂದು ಆರ್‌ಬಿಐ 2024ರ ಏಪ್ರಿಲ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ‘ಒಂದು ಕಂತು ಅಡ್ವಾನ್ಸ್’ ಎಂದರೆ ಅದನ್ನು ನೆನಪಿಸಿ.

ದಸರಾ, ದೀಪಾವಳಿ, ಯುಗಾದಿಗೆ ಮುಹೂರ್ತ ಹಿಡಿದು ಬರುವವರ ನೂಕುನುಗ್ಗಲಿನಲ್ಲಿ ಕಾಗದ ಓದುವವರೇ ಇಲ್ಲ. ಗಾಡಿಯನ್ನು ಸಿದ್ಧಾರೂಢ ಮಠಕ್ಕೆ ಒಯ್ದು ಪೂಜೆ ಮಾಡಿಸುವ ದಿನ ಯಾವುದೇ ಇರಲಿ, ಸಹಿಯ ಕೆಲಸ ಅದಕ್ಕೆ ಒಂದು ವಾರ ಮೊದಲೇ ಮುಗಿದಿರಲಿ. ಬುಕಿಂಗ್ ಫಾರಂನಲ್ಲಿ ‘ಡೆಲಿವರಿ ದಿನದ ಬೆಲೆ’ ಎಂದು ಇರುವುದರಿಂದ, ಡಿಸೆಂಬರ್‌ನಲ್ಲಿ ಬುಕ್ ಮಾಡಿ ಜನವರಿಯಲ್ಲಿ ಗಾಡಿ ಪಡೆದರೆ ಏರಿದ ಬೆಲೆಯ ವ್ಯತ್ಯಾಸ ನಿಮ್ಮದೇ.

ಬೇಗ ತೀರಿಸುವವರು ಫೋರ್‌ಕ್ಲೋಶರ್ (ಅವಧಿಗೆ ಮೊದಲೇ ಸಾಲ ಮುಗಿಸುವ) ಷರತ್ತು ಓದಬೇಕು. ಮೇಲಿನ 8 ಲಕ್ಷದ ಸಾಲದಲ್ಲಿ 24 ಕಂತು ಕಟ್ಟಿದ ಮೇಲೆ ಬಾಕಿ ಸುಮಾರು 5.22 ಲಕ್ಷ. ಅದಕ್ಕೆ ಶೇ. 5 ಚಾರ್ಜ್, ಮೇಲೆ ಜಿಎಸ್‌ಟಿ ಎಂದರೆ 30,800. ಉಳಿದ ಮೂರು ವರ್ಷದ ಬಡ್ಡಿ ಸುಮಾರು 75,600 ಇರುವುದರಿಂದ ಲಾಭ 45 ಸಾವಿರಕ್ಕೆ ಇಳಿಯುತ್ತದೆ. 2026ರ ಜನವರಿ 1ರಿಂದ ಮಂಜೂರಾದ ಫ್ಲೋಟಿಂಗ್ (ನಡುವೆ ಏರಿಳಿಯುವ) ದರದ ಸ್ವಂತ ಬಳಕೆಯ ಸಾಲಕ್ಕೆ ಇಂಥ ಚಾರ್ಜ್ ಇಲ್ಲ. ಶೋರೂಮಿನಲ್ಲಿ ಸಿಗುವ ಬಹುಪಾಲು ಕಾರ್ ಸಾಲ ಫಿಕ್ಸೆಡ್ ದರದ್ದು, ಹಾಗಾಗಿ ಈ ರಿಯಾಯಿತಿ ಅಲ್ಲಿ ತಾನಾಗಿ ಸಿಗುವುದಿಲ್ಲ.

ಹೇಳಿದ್ದು ಒಂದು, ಬರೆದದ್ದು ಇನ್ನೊಂದು ಎಂದಾದರೆ ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಯಿಲ್ಲದಿದ್ದರೆ ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಖರ್ಚಿಲ್ಲ, ಸಹಾಯವಾಣಿ 14448. ಡೀಲರ್ ಮೇಲಿನ ತಕರಾರಿಗೆ ಒಂಬುಡ್ಸ್‌ಮನ್ ಬರುವುದಿಲ್ಲ, ಅದು ಜಿಲ್ಲಾ ಗ್ರಾಹಕ ಆಯೋಗದ ಕೆಲಸ.

ಕೊನೆಯ ಕಂತು ಕಟ್ಟಿದ ಮೇಲೂ ಎರಡು ಕೆಲಸ ಉಳಿಯುತ್ತವೆ, ಅವನ್ನು ಶೋರೂಮಿನವರು ಮಾಡಿಕೊಡುವುದಿಲ್ಲ. ಬ್ಯಾಂಕಿನ ಎನ್‌ಓಸಿ (ಬಾಕಿಯಿಲ್ಲ, ಆಕ್ಷೇಪವಿಲ್ಲ ಎಂಬ ಪತ್ರ) ಮತ್ತು ಹೈಪಾಥಿಕೇಶನ್ ತೆಗೆಸುವ ಫಾರಂ 35 ಪಡೆದು, ಎನ್‌ಓಸಿಯ ಅವಧಿ ಮುಗಿಯುವ ಮೊದಲೇ ಆರ್‌ಟಿಓದಲ್ಲಿ ಆರ್‌ಸಿ ಮೇಲಿನ ಬ್ಯಾಂಕಿನ ಹೆಸರು ತೆಗೆಸಬೇಕು. ಆಮೇಲೆ ಹೊಸ ಆರ್‌ಸಿ ತೋರಿಸಿ ವಿಮೆ ಪಾಲಿಸಿಯಲ್ಲಿದ್ದ ಬ್ಯಾಂಕಿನ ಹೆಸರನ್ನೂ ತೆಗೆಸಬೇಕು. ಇದನ್ನು ಬಿಟ್ಟರೆ, ಮುಂದೆಂದಾದರೂ ಗಾಡಿ ಟೋಟಲ್ ಲಾಸ್ ಆದಾಗ ವಿಮೆ ಕಂಪನಿ ಎಂದೋ ಸಾಲ ತೀರಿದ ಬ್ಯಾಂಕಿನ ಪತ್ರಕ್ಕಾಗಿ ಕ್ಲೇಮಿನ ಹಣ ತಡೆಹಿಡಿಯುತ್ತದೆ.